ರ ಗ ಸ ದ ಅ ಮೊದಲೋ, ಅ ಆ ಇ ಈ ಮೊದಲೋ?

ದಾವಣಗೆರೆ, ಚಿತ್ರದುರ್ಗ ಕಡೆ ಪ್ರೈಮರಿ ಶಾಲೆಯ ಶಿಕ್ಷಕರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಂದನೇ ಕ್ಲಾಸಿಗೆ ಬಂದ ಮಗುವಿಗೆ ಓದು ಕಲಿಸುವಾಗ ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಚಟುವಟಿಕೆ ಕೊಟ್ಟು ಕಲಿಸುವ ನಲಿಕಲಿ ಪದ್ಧತಿಯ ಕ್ರಮದಲ್ಲಿ ರ ಗ ಸ ದ ಅ ಇಂದ ಶುರು ಮಾಡುವುದು ಸರಿಯಾ, ಇಲ್ಲಾ ನಮ್ಮ ಅಪ್ಪ ಅಮ್ಮ ಕಲಿತ ಹಾಗೆ ಅ ಆ ಇ ಈ ಹೇಳಿಸಿ, ವರ್ಣಮಾಲೆ ಮುಗಿಸಿ, ಕಾಗುಣಿತಕ್ಕೆ ಹೋಗುವುದು ಸರಿಯಾ? ನಾನು ಜಗಳೂರು ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ಎರಡೂ ಕಡೆಯ ಮಾತನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಎರಡನ್ನೂ ಬರೆದಿದ್ದೇನೆ, ಒಂದನ್ನು ಗೆಲ್ಲಿಸೋಕೆ ಇನ್ನೊಂದನ್ನು ಬಡವಾಗಿಸದೆ. ನನ್ನ ಒಲವು ಯಾವ ಕಡೆ ಅನ್ನುವುದನ್ನೂ ಮುಚ್ಚಿಟ್ಟಿಲ್ಲ.

ಪರ: ರ ಗ ಸ ದ ಅ ಇಂದಲೇ ಶುರುವಾಗಲಿ

ಮೊದಲು ಒಂದು ಪ್ರಶ್ನೆ. ಮಗು ಶಾಲೆಗೆ ಬರೋದು ಅಕ್ಷರ ಹೇಳೋಕಾ, ಓದೋಕಾ?

ಅಂಗಡಿಯಲ್ಲಿ ಸಿಗುವ ಬಣ್ಣದ ಅಕ್ಷರಮಾಲೆ ಪುಸ್ತಕ ತೆಗೆಯಿರಿ. ಅ ಪಕ್ಕದಲ್ಲಿ ಅಗಸ ಅಥವಾ ಅರಸ, ಆ ಪಕ್ಕದಲ್ಲಿ ಆನೆ, ಇ ಪಕ್ಕದಲ್ಲಿ ಇಲಿ. ಮಗು ಆನೆಯ ಚಿತ್ರ ನೋಡಿ 'ಆನೆ' ಅಂತ ಜೋರಾಗಿ ಹೇಳುತ್ತದೆ. ಮನೆಯವರಿಗೆ ಖುಷಿ. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿ, ಈಗ ಓದು ಅನ್ನಿ. ಸುಮ್ಮನಾಗುತ್ತದೆ. ಯಾಕಂದ್ರೆ 'ನೆ' ಅನ್ನೋದು ಇನ್ನೂ ಎಷ್ಟೋ ತಿಂಗಳ ಆಚೆಯ ಪಾಠ. 'ನ' ಬರಬೇಕು, ಅದಕ್ಕೆ ಏತ್ವ ಬರಬೇಕು. ಅಲ್ಲಿಯವರೆಗೂ ಆ ಪುಟದಲ್ಲಿ ಮಗು ಓದುತ್ತಿರುವುದು ಚಿತ್ರವನ್ನು, ಅಕ್ಷರವನ್ನಲ್ಲ.

ವರ್ಣಮಾಲೆಯ ಕ್ರಮವನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಬಾಯಿಯಲ್ಲಿ ಯಾವ ಸದ್ದು ಎಲ್ಲಿ ಹುಟ್ಟುತ್ತದೆ ಅಂತ ನೋಡಿ ಜೋಡಿಸಿದ ಕ್ರಮ ಅದು. ಗಂಟಲಿನಲ್ಲಿ ಹುಟ್ಟುವ ಕ ಖ ಗ ಘ ಙ ಒಂದು ಸಾಲು, ತುಟಿ ಕೂಡಿಸಿ ಹೇಳುವ ಪ ಫ ಬ ಭ ಮ ಇನ್ನೊಂದು ಸಾಲು. ಇಷ್ಟು ಅಚ್ಚುಕಟ್ಟಾದ ಜೋಡಣೆ ಇರೋದು ನಮಗೆ ಹೆಮ್ಮೆಯೇ. ಆದರೆ ಅದು ಭಾಷೆ ಬಲ್ಲವರು ಭಾಷೆಯನ್ನು ನೋಡುವ ಕ್ರಮ. ಆರು ವರ್ಷದ ಮಗುವಿಗೆ ಬೇಕಿರೋದು ಬೇರೆ. ನಾಲ್ಕು ಅಕ್ಷರ ಕಲಿತ ಕೂಡಲೇ ಅದರಿಂದ ಒಂದು ಪದ ಹುಟ್ಟಬೇಕು, ಆ ಪದ ಅದರ ಬಾಯಿಂದ ಬರಬೇಕು.

ಕನ್ನಡದಲ್ಲಿ 13 ಸ್ವರ, 34 ವ್ಯಂಜನ, ಎರಡು ಯೋಗವಾಹ, ಒಟ್ಟು 49. ಹಳೆ ಕ್ರಮದಲ್ಲಿ ಮೊದಲು ಸ್ವರಗಳನ್ನೆಲ್ಲ ಮುಗಿಸಬೇಕು. ಈ 13ರಿಂದ ಎಷ್ಟು ಪದ ಮಾಡಬಹುದು ಹೇಳಿ? 'ಆ', 'ಈ' ಬಿಟ್ಟರೆ ಮಗುವಿಗೆ ಅರ್ಥವಾಗುವಂಥದ್ದು ಏನೂ ಇಲ್ಲ. ಕನ್ನಡದಲ್ಲಿ ಸ್ವರ ತನ್ನ ಪೂರ್ತಿ ರೂಪದಲ್ಲಿ ಕಾಣೋದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ. ಮಧ್ಯದಲ್ಲಿ, ಕೊನೆಯಲ್ಲಿ ಅದು ವ್ಯಂಜನದೊಳಗೆ ಸೇರಿಹೋಗಿರುತ್ತದೆ. ಅಂದರೆ ಜೂನ್ ತಿಂಗಳು ಪೂರ್ತಿ ಮಗು ಋ, ಐ, ಔ ತಿದ್ದಿ ತಿದ್ದಿ ಕೈ ನೋಯಿಸಿಕೊಂಡರೂ ಒಂದು ಪದ ಓದಲಾರದು. ಮುಂದೆ ವ್ಯಂಜನಕ್ಕೆ ಬಂದರೆ ಮೊದಲ ಸಾಲಿನಲ್ಲೇ ಙ. ಎರಡನೇ ಸಾಲಿನಲ್ಲಿ ಞ. ಇವೆರಡೂ ಬರುವ ಪದವನ್ನು ಆ ಮಗು ಆ ವರ್ಷದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಖ, ಘ, ಛ, ಝ ಅಂತೂ ನಮ್ಮ ಹಳ್ಳಿ ಮಕ್ಕಳ ಮಾತಿನಲ್ಲೇ ಇಲ್ಲ. ಕಿವಿಗೆ ಬೀಳದ ಸದ್ದನ್ನು ಕಣ್ಣಿಗೆ ತೋರಿಸಿ ಇದು ಬೇರೆ, ಅದು ಬೇರೆ ಅಂತ ಜೂನ್‌ನಲ್ಲೇ ಹಠ ಹಿಡಿದರೆ ಮಗು ಏನು ಮಾಡಬೇಕು?

ಈಗ ರ ಗ ಸ ದ ಅ ನೋಡಿ. ಐದೇ ಅಕ್ಷರ. ಸರ, ದರ, ಅರಸ, ಅಗಸ, ಗರಗಸ, ದಸರ, ಸರಸರ. ಮುಂದಿನ ಗುಂಪು ಜ ವ ಮ ಬ ನ. ಈ ಹತ್ತು ಅಕ್ಷರ ಬಂದ ಮೇಲೆ ಮರ, ಮಗ, ಜನ, ದನ, ವನ, ಬರ, ನಗರ, ಬಸವ ಎಲ್ಲ ಬರುತ್ತವೆ. ಪದ ಮಾತ್ರ ಅಲ್ಲ, ಎರಡು ಪದ ಕೂಡಿದ ಮಾತೂ ಬರುತ್ತದೆ. 'ಅರಸನ ಮಗ', 'ನಗರದ ಜನ', 'ಬಸವನ ದನ'. ಇಳಿ ಇಲ್ಲ, ಗುಡಿಸು ಇಲ್ಲ, ಕೊಂಬು ಇಲ್ಲ, ಬರೀ ತಲಕಟ್ಟು. ಕನ್ನಡದ ವ್ಯಂಜನದ ಒಳಗೇ 'ಅ' ಸೇರಿಕೊಂಡಿರುವುದರಿಂದ ಇದು ಸಾಧ್ಯವಾಯಿತು. ಬರೆಯೋಕೂ ಹಾಗೇ. 'ರ' ಕೈಗೆ ಬಂದರೆ 'ದ' ಕಷ್ಟವಿಲ್ಲ. 'ವ' ಬಂದರೆ 'ಮ' ಅರ್ಧ ಬಂದ ಹಾಗೆ.

ನಮ್ಮ ತರಗತಿಯಲ್ಲಿ ಒಂದು ಹುಡುಗಿ ಇದ್ದಳು. ಮಾತೇ ಕಡಿಮೆ. ಹಾಜರಿ ಕೂಗಿದರೂ ತಲೆ ಆಡಿಸುತ್ತಿದ್ದಳಷ್ಟೇ. ಕೆಳಗಿನ ಕರಿಹಲಗೆಯ ಮೇಲೆ ನಾನು 'ಬಸವನ ದನ' ಅಂತ ಬರೆದಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಬೆರಳು ಇಟ್ಟು ಬ... ಸ... ವ... ನ... ಅಂತ ಒಂದೊಂದೇ ಅಕ್ಷರ ಹೇಳಿದಳು. ನಿಂತಳು. ಮತ್ತೆ ಮೊದಲಿಂದ, ಈ ಸಲ ಸ್ವಲ್ಪ ಬೇಗ. ಮೂರನೇ ಸಲಕ್ಕೆ ನನ್ನ ಕಡೆ ತಿರುಗಿ 'ಮಿಸ್, ಬಸವ ನಮ್ ಮಾವ!' ಅಂದಳು. ಅವಳ ಸೋದರಮಾವನ ಹೆಸರು ಬಸವರಾಜ, ಮನೆಯಲ್ಲಿ ಕರೆಯೋದು ಬಸವ ಅಂತ, ಮನೆಯಲ್ಲಿ ದನವೂ ಇವೆ. ಅಕ್ಷರದ ಹಿಂದೆ ಮನುಷ್ಯ ಇದ್ದಾನೆ ಅಂತ ಅವಳಿಗೆ ಗೊತ್ತಾಗಿದ್ದು ಆವಾಗ. ಇದು ಜುಲೈ ತಿಂಗಳಲ್ಲಿ ನಡೆದ ಮಾತು. ವರ್ಣಮಾಲೆಯ ದಾರಿಯಲ್ಲಿ ಹೋಗಿದ್ದರೆ ಜುಲೈನಲ್ಲಿ ಅವಳು ಎಲ್ಲಿರುತ್ತಿದ್ದಳು? ಟ ಠ ಡ ಢ ಹತ್ತಿರ ಇರುತ್ತಿದ್ದಳೋ ಏನೋ. 'ಬ', 'ವ', 'ಸ' ಇನ್ನೂ ದೂರವೇ.

ಇನ್ನೊಂದು ವಿಷಯ, ಇದನ್ನು ದಾವಣಗೆರೆ ನಗರದ ಮಕ್ಕಳಲ್ಲೂ ನೋಡಿದ್ದೇನೆ. ಎಲ್‌ಕೆಜಿ, ಯುಕೆಜಿ ಮುಗಿಸಿ ಬಂದ ಮಗು ವರ್ಣಮಾಲೆಯನ್ನು ಒಂದೇ ಉಸಿರಿಗೆ ಹೇಳುತ್ತದೆ. 'ಗ' ಯಾವುದು ತೋರಿಸು ಅಂದರೆ 'ಕ' ಮೇಲೆ ಬೆರಳು ಇಟ್ಟು ಕ, ಖ, ಗ ಅಂತ ಮೂರನೇ ಮನೆಗೆ ಬಂದು ನಿಲ್ಲುತ್ತದೆ. 'ಸ' ಕೇಳಿದರೆ ಯ ಇಂದ ಶುರು. ಅದಕ್ಕೆ ಗೊತ್ತಿರುವುದು ಸಾಲು. ಸಾಲಿನಿಂದ ಅಕ್ಷರವನ್ನು ಕಿತ್ತು ಬೇರೆ ಕಡೆ ಇಟ್ಟರೆ ಗುರುತು ಸಿಗುವುದಿಲ್ಲ. ಹೇಳೋಕೆ ಬರೋದೇ ಓದೋಕೆ ಬರೋದು ಅಂತ ಅಪ್ಪ ಅಮ್ಮ ನಂಬಿಕೊಂಡಿರುತ್ತಾರೆ. ಆ ನಂಬಿಕೆ ಮುರಿಯುವುದು ಎರಡನೇ ಕ್ಲಾಸಿನಲ್ಲಿ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ನಲಿಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕೆಯನ್ನು ನಮ್ಮ ಶಿಕ್ಷಕರು ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ, ತಾವೇ ಕೂತು ಕಾರ್ಡು ಬರೆದು ಶುರು ಮಾಡಿದ್ದು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದು ಯಾರೋ ಮೇಲಿಂದ ಹೇರಿದ್ದು ಅಂತ ಹೇಳುವವರಿಗೆ ಈ ಮಾತು ನೆನಪಿಸಬೇಕು ಅನ್ನಿಸುತ್ತದೆ. ಮೊದಲ ಕಾರ್ಡುಗಳ ಮೇಲಿದ್ದುದು ತರಗತಿಯಲ್ಲಿ ನಿಂತವರ ಕೈಬರಹ.

ನಲಿಕಲಿಯಲ್ಲಿ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ, ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ, ಅದೇ ಕಲಿಕಾ ಏಣಿ. ಅದರ ಲಾಭ ನಮ್ಮ ಕಡೆ ಜಾಸ್ತಿ ಕಾಣೋದು ಗುಳೆ ಹೋಗುವ ಮನೆಯ ಮಕ್ಕಳಲ್ಲಿ. ಜಗಳೂರು, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟರೆ ಸಂಸಾರ ಸಮೇತ ಬೆಂಗಳೂರಿಗೋ, ಮಲೆನಾಡಿನ ಕಾಫಿ ತೋಟಕ್ಕೋ ಹೊರಟುಬಿಡುತ್ತಾರೆ. ಮಗು ಎರಡು ತಿಂಗಳು ಬಿಟ್ಟು ವಾಪಸ್ ಬರುತ್ತದೆ. ಇಡೀ ತರಗತಿ ಒಂದೇ ಪುಟ ಓದುವ ಪದ್ಧತಿಯಲ್ಲಿ ಅದು ಹಿಂದೆ ಬಿದ್ದಿದ್ದು ಬಿದ್ದಿದ್ದೇ. ಏಣಿಯಲ್ಲಾದರೆ ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕೂರುತ್ತದೆ, ಯಾರೂ ನಗುವುದಿಲ್ಲ, ಯಾಕಂದ್ರೆ ಪಕ್ಕದವನದ್ದೂ ಬೇರೆ ಮೆಟ್ಟಿಲು. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುವ ಕೋಣೆಯಲ್ಲಿ ಇದು ದೊಡ್ಡ ವಿಷಯ.

ಮನೆಯಲ್ಲಿ ತೆಲುಗು ಆಡುವ ಮೊಳಕಾಲ್ಮೂರು ಗಡಿಯ ಮಕ್ಕಳಿಗೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ ಇಡೀ 49ರ ಸಾಲು ಅಂದರೆ ಗೊತ್ತಿಲ್ಲದ ಭಾಷೆಯ ಮಂತ್ರ ಹೇಳಿದ ಹಾಗೆ. ಐದು ಅಕ್ಷರ ಕಲಿತು, ಐದಾರು ಪದ ಕಲಿತು, ಆ ಪದದ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದರೆ ಭಾಷೆಯೂ ಬರುತ್ತದೆ, ಓದೂ ಬರುತ್ತದೆ. ಗರಗಸವನ್ನು ಒಮ್ಮೆ ತರಗತಿಗೆ ತಂದು ತೋರಿಸಿ ನೋಡಿ.

ವಿರೋಧ: ಅ ಆ ಇ ಈ, ಕಾಗುಣಿತವೇ ಗಟ್ಟಿ ದಾರಿ

ಮೇಲಿನ ಮಾತೆಲ್ಲ ಚೆನ್ನಾಗಿದೆ. ಆದರೆ ಆ ಮಾತು ಜುಲೈಗೆ ಬಂದು ನಿಂತುಬಿಟ್ಟಿದೆ. ಮುಂದೇನು?

ಕನ್ನಡ ಓದಿನ ಕಷ್ಟ 49 ಅಕ್ಷರದಲ್ಲಿ ಇಲ್ಲವೇ ಇಲ್ಲ. ಕಷ್ಟ ಇರೋದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ. 34 ವ್ಯಂಜನ, ಒಂದೊಂದಕ್ಕೂ ತಲಕಟ್ಟಿನಿಂದ ವಿಸರ್ಗದವರೆಗೆ 15 ರೂಪ, ಲೆಕ್ಕ ಹಾಕಿದರೆ 510. ಇದರ ಮೇಲೆ ಒತ್ತು. ತ, ಮ, ಯ, ರ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಇನ್ನು ಅರ್ಕಾವತ್ತು. ಮೊದಲು ಹೇಳುವ ಸದ್ದು, ಕೊನೆಗೆ ಬರೆಯುವ ಗುರುತು. ಕನ್ನಡದ ಮಕ್ಕಳು ಅಕ್ಷರಗಳನ್ನು ಹಿಡಿತಕ್ಕೆ ತಂದುಕೊಳ್ಳಲು ಪ್ರಾಥಮಿಕ ಶಾಲೆಯ ಹಲವು ವರ್ಷ ಬೇಕಾಗುತ್ತದೆ ಅಂತ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಇಷ್ಟು ಉದ್ದದ ದಾರಿಯಲ್ಲಿ ಮೊದಲ ತಿಂಗಳು ಸುಲಭವಾಯಿತು ಅಂತ ಸಂಭ್ರಮಿಸಿದರೆ ಏನು ಬಂತು?

ರ ಗ ಸ ದ ಅ ಕಲಿತ ಮಗು ಓದಬಲ್ಲ ಪದ ಯಾವುವು ಅಂತ ಮೇಲೆ ಪಟ್ಟಿ ಕೊಟ್ಟಾಯಿತು. ಓದಲಾರದ ಪದಗಳ ಪಟ್ಟಿ ನಾನು ಕೊಡುತ್ತೇನೆ. ಅಮ್ಮ. ಅಪ್ಪ. ಅಣ್ಣ. ಅಕ್ಕ. ಅಜ್ಜ. ಅಜ್ಜಿ. ಮಗು ಹುಟ್ಟಿದಾಗಿಂದ ಕರೆಯುವ ಈ ಪ್ರತಿಯೊಂದು ಹೆಸರಲ್ಲೂ ಒತ್ತಕ್ಷರ ಇದೆ. ಅನ್ನ, ಮುದ್ದೆ, ರೊಟ್ಟಿ, ಮಂಡಕ್ಕಿ, ಬೆಣ್ಣೆದೋಸೆ, ಊಟಕ್ಕೆ ಕೂತರೂ ಒತ್ತಕ್ಷರ. ಬಸ್ ಸ್ಟ್ಯಾಂಡಿಗೆ ಬನ್ನಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿ 12 ತಾಲೂಕು. ಬರೀ ತಲಕಟ್ಟಿನಲ್ಲಿ ಓದಬಹುದಾದ ಹೆಸರು ಒಂದೂ ಇಲ್ಲ. ಕಾಗುಣಿತ ಬಂದರೆ ದಾವಣಗೆರೆ, ಹರಿಹರ, ಜಗಳೂರು, ಹಿರಿಯೂರು, ಈ ನಾಲ್ಕು ಓದಬಹುದು. ಉಳಿದ ಎಂಟಕ್ಕೂ ಒತ್ತು ಬೇಕು. ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಚಳ್ಳಕೆರೆ, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು, ಚಿತ್ರದುರ್ಗ. ತನ್ನ ಊರಿನ ಬಸ್ಸಿನ ಬೋರ್ಡು ಓದಲಾರದ ಮಗುವಿಗೆ 'ಗರಗಸ' ಓದೋಕೆ ಬಂತು ಅಂತ ಕಾರ್ಡಿನಲ್ಲಿ ಗುರುತು ಹಾಕಿ ಮೆಟ್ಟಿಲು ಹತ್ತಿಸುತ್ತೇವೆ.

ಗರ, ಅರ, ದರ ಇಂಥ ಪದಗಳು ಮಗುವಿನ ಪದಗಳಲ್ಲ. ಐದು ಅಕ್ಷರದಲ್ಲಿ ಏನಾದರೂ ಹುಟ್ಟಬೇಕಲ್ಲ ಅಂತ ಹುಡುಕಿ ತಂದವು. ಅಗಸ ಬಟ್ಟೆ ಒಗೆಯುವುದನ್ನು ನೋಡಿದ ಮಗು ಈಗ ಎಷ್ಟಿದ್ದಾವೆ? ಅರ್ಥ ಗೊತ್ತಿಲ್ಲದ ಪದವನ್ನು ಅಕ್ಷರ ಕೂಡಿಸಿ ಹೇಳಿಸುವುದು, ವರ್ಣಮಾಲೆಯನ್ನು ರಾಗವಾಗಿ ಹೇಳಿಸುವುದು, ಇವೆರಡರಲ್ಲಿ ಒಂದನ್ನು ಓದು ಅಂತಲೂ ಇನ್ನೊಂದನ್ನು ಬಾಯಿಪಾಠ ಅಂತಲೂ ಕರೆಯೋದು ನ್ಯಾಯವಲ್ಲ. ಇನ್ನು ಚಿತ್ರ ನೋಡಿ ಹೇಳುವ ಚಟ. ಅದು ಕಾರ್ಡಿನಲ್ಲೂ ಇದೆ. ಗರಗಸದ ಚಿತ್ರ ಇರುವ ಕಾರ್ಡು ಮಗುವಿಗೆ ಎರಡು ದಿನದಲ್ಲಿ ಗುರುತು ಸಿಗುತ್ತದೆ, ಮೂಲೆ ಮಡಚಿದ ಕಾರ್ಡಾದರೆ ಇನ್ನೂ ಬೇಗ.

ಕಾಗುಣಿತದ ವಿಷಯಕ್ಕೆ ಬರೋಣ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು. ಇದನ್ನು ಗಿಳಿಪಾಠ ಅಂತ ಬಯ್ಯುವವರು ಒಮ್ಮೆ ತಾವೇ ಹೇಳಿ ನೋಡಬೇಕು. ಪ್ರತಿ ಸಾಲಿನಲ್ಲೂ ಗುರುತಿನ ಹೆಸರಿದೆ, ಗುರುತು ಸೇರಿದ ಮೇಲೆ ಬರುವ ಸದ್ದಿದೆ. ಕಾರಣ ಮತ್ತು ಫಲ ಒಂದೇ ಉಸಿರಿನಲ್ಲಿ. 'ಕ'ಗೆ ಕಲಿತದ್ದು 'ಗ'ಗೆ ಆಗುತ್ತದೆ, 'ತ'ಗೆ ಆಗುತ್ತದೆ. ಒಂದು ಸಾಲು ಗಟ್ಟಿಯಾದರೆ ಮಗು ಉಳಿದ ಸಾಲುಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಎಲ್ಲಿ ನಿಯಮ ತಪ್ಪುತ್ತದೆಯೋ ಅದನ್ನಷ್ಟೇ ನಾವು ತೋರಿಸಿದರೆ ಸಾಕು. 'ಪು', 'ವು' ಬರೆಯುವಾಗ ಕೊಂಬು ಕೂರುವ ಜಾಗ ಬೇರೆ, 'ಮೊ', 'ಯೊ' ಬರೆಯುವ ರೀತಿ ಬೇರೆ. 'ವು' ಮತ್ತು 'ಮ' ಎಷ್ಟು ಹತ್ತಿರ ಕಾಣುತ್ತವೆ ಅಂದರೆ ಮೂರನೇ ಕ್ಲಾಸಿನ ಮಕ್ಕಳೂ 'ಹೂವು' ಅನ್ನೋದನ್ನು 'ಹೂಮ' ಅಂತ ಓದುತ್ತಾರೆ. ಇಂಥ ಕಡೆ ಸಮಯ ಕೊಡಬೇಕು. ಆದರೆ ಏಣಿಯ ದಾರಿಯಲ್ಲಿ ಇಳಿ ಒಂದು ಕಡೆ, ಗುಡಿಸು ಒಂದು ಕಡೆ, ಚೂರು ಚೂರಾಗಿ ಹಂಚಿಹೋಗಿ, ಇಡೀ ಸಾಲು ಒಟ್ಟಿಗೆ ಮಗುವಿನ ಬಾಯಲ್ಲಿ ಕೂರುವುದೇ ಇಲ್ಲ. ಒತ್ತಕ್ಷರ ಬರುವ ಹೊತ್ತಿಗೆ ಶಿಕ್ಷಕರಿಗೂ ಸುಸ್ತು, ಮಕ್ಕಳಿಗೂ ಸುಸ್ತು.

ಎರಡನೆಯದು ಮನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವ ಮಾತು ಇದೇ. ಒಂದು ಹುಡುಗನ ಅಜ್ಜಿ ಶಾಲೆ ಬಾಗಿಲಿಗೆ ಬಂದು ನಿಂತು ಕೇಳಿದ್ದರು: 'ಏನಮ್ಮ ಟೀಚರಮ್ಮ, ಹುಡುಗ ಅದೇನೋ ರಗಸದ ರಗಸದ ಅಂತಾನೆ. ನನಗೆ ಓದು ಬರಲ್ಲ, ಆದರೆ ಅಆಇಈ ಅಂದ್ರೆ ಗೊತ್ತು ಕಣಮ್ಮ. ಅದನ್ನಾದ್ರೂ ಹೇಳಿಕೊಟ್ರೆ ರಾತ್ರಿ ಕೂರಿಸ್ಕೊಂಡು ಹೇಳಿಸ್ತಿದ್ದೆ.' ಬಯ್ಯೋಕೆ ಬಂದವರಲ್ಲ ಅವರು, ಸಹಾಯ ಮಾಡೋಕೆ ಬಂದವರು. ಅಆಇಈ ಅನ್ನೋದು ಓದು ಬಾರದ ಮನೆಯಲ್ಲೂ ಇರುವ ಆಸ್ತಿ. ಏಳನೇ ಕ್ಲಾಸು ಓದಿದ ಅಮ್ಮ, ಟೆಂತ್ ಫೇಲಾದ ಚಿಕ್ಕಪ್ಪ, ಪಕ್ಕದ ಮನೆಯ ಅಕ್ಕ, ಎಲ್ಲರೂ ಕೈಜೋಡಿಸಬಹುದಾದ ಕೆಲಸ ಅದು. ಅಂಗನವಾಡಿಯಲ್ಲಿ ಹಾಡಾಗಿ ಕಲಿತು ಬಂದದ್ದೂ ಅದೇ. ನಾವು ಕ್ರಮ ಬದಲಾಯಿಸಿ, ಅವರಿಗೆ ಒಂದು ಮಾತೂ ತಿಳಿಸದೆ, ಮನೆಯವರನ್ನೆಲ್ಲ ಬಾಗಿಲ ಆಚೆ ನಿಲ್ಲಿಸಿದ ಹಾಗಾಯಿತು. ಮಗು ಶಾಲೆಯಲ್ಲಿ ಇರೋದು ದಿನದ ಸ್ವಲ್ಪ ಹೊತ್ತು. ಉಳಿದ ಹೊತ್ತು ಅದರ ಓದಿಗೆ ಯಾರು ಜೊತೆ? ಕೆಲವು ಮನೆಯವರು ಸುಮ್ಮನಿರಲ್ಲ, 'ಸರ್ಕಾರಿ ಶಾಲೆಯಲ್ಲಿ ಅಆಇಈನೂ ಹೇಳಿಕೊಡಲ್ಲ' ಅಂತ ಮಗುವನ್ನು ವ್ಯಾನು ಹತ್ತಿಸಿ ದೂರದ ಕಾನ್ವೆಂಟಿಗೆ ಕಳಿಸುತ್ತಾರೆ. ಅಲ್ಲಿ ಕನ್ನಡವೇ ಎರಡನೇ ಸಾಲಿಗೆ ಹೋಗುತ್ತದೆ.

ಮೂರನೆಯದು ಶಿಕ್ಷಕರ ಕೈ. ನಲಿಕಲಿ ನಡೆಯಬೇಕಾದರೆ ಒಬ್ಬೊಬ್ಬ ಮಗುವಿನ ಪಕ್ಕ ಕೂರಬೇಕು. ಮಕ್ಕಳು ಗುಂಪು ಗುಂಪಾಗಿ ಕೂರುವ ಜಾಗಕ್ಕೆ ತಟ್ಟೆ ಅಂತೀವಿ. ಶಿಕ್ಷಕರ ಸಹಾಯ ಬೇಕಾದ ತಟ್ಟೆಯಲ್ಲಿ ಇವತ್ತು ಯಾರು, ಸಹಪಾಠಿಯ ಜೊತೆ ಕಲಿಯುವವರು ಯಾರು, ತಾನೇ ಕಲಿಯುವವರು ಯಾರು, ಯಾವ ಕಾರ್ಡು ಮುಗಿಯಿತು, ಪ್ರಗತಿ ನೋಟದ ಹಾಳೆಯಲ್ಲಿ ಗುರುತು ಬಿತ್ತಾ, ಇದೆಲ್ಲ ನೋಡಿಕೊಳ್ಳಬೇಕು. ಮೂರು ಕ್ಲಾಸಿಗೆ ಒಬ್ಬರೇ ಇರುವ ಶಾಲೆಯಲ್ಲಿ, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ, ಆನ್‌ಲೈನ್ ಮಾಹಿತಿ ತುಂಬೋದು, ಮೀಟಿಂಗು, ಇಷ್ಟರ ನಡುವೆ ಅದು ಆಗುತ್ತದೆಯಾ? ಆಗದಿದ್ದಾಗ ಮಕ್ಕಳು ತಟ್ಟೆಯ ಸುತ್ತ ಕೂತು ಕಾರ್ಡು ಹಿಡಿದುಕೊಂಡು ಮಾತಾಡುತ್ತಾ ಇರುತ್ತಾರೆ. ಹೊರಗಿನಿಂದ ನೋಡಿದರೆ ನಲಿಯುತ್ತಿದ್ದಾರೆ, ಕಲಿಯುತ್ತಿದ್ದಾರೆ. ಓದಿಸಿ ನೋಡಿದರೆ ಎರಡು ತಿಂಗಳಿಂದ ಅದೇ ಮೆಟ್ಟಿಲು. ಒಬ್ಬರೇ ಶಿಕ್ಷಕರಿದ್ದಾಗ ಇಡೀ ಕೋಣೆ ಒಟ್ಟಿಗೆ ವರ್ಣಮಾಲೆ, ಕಾಗುಣಿತ ಹೇಳುವುದು ಆ ಶಿಕ್ಷಕರ ಕೈಲಾಗುವ ಕೆಲಸ. ಕೈಲಾಗುವ ಪದ್ಧತಿ ದಿನಾ ನಡೆಯುತ್ತದೆ. ಕೈಲಾಗದ್ದು ಭೇಟಿಗೆ ಅಧಿಕಾರಿ ಬಂದ ದಿನ ನಡೆಯುತ್ತದೆ.

ಕೊನೆಗೆ ನಾಲ್ಕನೇ ಕ್ಲಾಸು. ಅಲ್ಲಿ ಏಣಿ ಇಲ್ಲ, ತಟ್ಟೆ ಇಲ್ಲ. ದಪ್ಪ ಪುಸ್ತಕ, ಉದ್ದ ಪಾಠ, ಪರಿಸರ ಅಧ್ಯಯನದಲ್ಲಿ 'ದ್ಯುತಿಸಂಶ್ಲೇಷಣೆ' ತರದ ಪದ ಎದುರಿಗೆ ಬರುವ ಕಾಲ ದೂರವಿಲ್ಲ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ಕ್ಲಾಸು ಮುಗಿಯುವುದರೊಳಗೆ ಪ್ರತಿ ಮಗು ಅರ್ಥ ಮಾಡಿಕೊಂಡು ಓದಬೇಕು ಅನ್ನುತ್ತದೆ, ಅದಕ್ಕೆ 2026–27ರ ಗಡುವು. ನಾಲ್ಕನೇ ಕ್ಲಾಸಿನ ಶಿಕ್ಷಕರನ್ನು ಕೇಳಿ, ಮಕ್ಕಳು ಎಲ್ಲಿ ಎಡವುತ್ತಾರೆ ಅಂತ. 'ರ', 'ಗ' ಗೊತ್ತಿಲ್ಲ ಅಂತ ಯಾರೂ ಹೇಳುವುದಿಲ್ಲ. ದೀರ್ಘ ಬಿಡುತ್ತಾರೆ, ಒತ್ತು ನುಂಗುತ್ತಾರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ ಅನ್ನುತ್ತಾರೆ.

ಎರಡೂ ಕಡೆಯ ಮಾತು ಮುಗಿಯಿತು, ಇನ್ನು ನನ್ನ ಒಲವನ್ನು ಬಿಚ್ಚಿ ಹೇಳುತ್ತೇನೆ. ಮೊದಲ ಎರಡು ತಿಂಗಳಿಗೆ ನಾನು ರ ಗ ಸ ದ ಅ ಬಿಡುವುದಿಲ್ಲ. 'ಬಸವನ ದನ' ಓದಿದ ಮುಖ ನೋಡಿದವರು ಯಾರೂ ಬಿಡಲಾರರು. ಆದರೆ ವಿರೋಧದ ಕಡೆಯವರು ಹೇಳುವ ಕಾಗುಣಿತದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅವರು ಹೇಳುವುದು ನಿಜ. ಅದಕ್ಕೆ ಹತ್ತು ಅಕ್ಷರ ಬಂದ ಕೂಡಲೇ, 49 ಮುಗಿಯಲಿ ಅಂತ ಕಾಯದೆ, ಆ ಹತ್ತಕ್ಕೇ ಇಳಿ, ಗುಡಿಸು, ಕೊಂಬು ಹಚ್ಚಿಸುತ್ತೇನೆ. ರ ರಾ ರಿ ರೀ ಅಂತ ಇಡೀ ಸಾಲು ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಜೋರಾಗಿ ಹೇಳಿಸುತ್ತೇನೆ. ಗೋಡೆಯ ಮೇಲೆ ವರ್ಣಮಾಲೆಯ ಚಾರ್ಟು ಇದೆ, ಅದನ್ನು ಹಾಡುತ್ತಾರೆ, ಮನೆಗೆ ಹೋಗಿ ಅಜ್ಜಿ ಹತ್ತಿರವೂ ಹಾಡಲಿ ಅಂತ. 'ಮ' ಬಂದ ವಾರವೇ 'ಅಮ್ಮ' ಬರೆಸುತ್ತೇನೆ. ಒತ್ತಕ್ಷರ ಅಂತ ಹೆಸರು ಹೇಳುವುದಿಲ್ಲ, ಮ ಕೆಳಗೆ ಇನ್ನೊಂದು ಮ ಕೂತಿದೆ, ಒತ್ತಿ ಹೇಳು ಅಂತೀನಿ, ಅಷ್ಟೇ. 'ಜ' ಬಂದ ವಾರ 'ಅಜ್ಜ'. ಏಣಿಯಲ್ಲಿ ಇವು ಇನ್ನೂ ಬಂದಿರುವುದಿಲ್ಲ, ಮೇಲ್ವಿಚಾರಣೆಗೆ ಬಂದವರು ಪ್ರಶ್ನೆ ಕೇಳಿದ್ದೂ ಉಂಟು. ಕೇಳಿದಾಗ ಮಗುವನ್ನೇ ಕರೆದು ಓದಿಸಿದೆ.

ದಿನಕ್ಕೆ ಐದು ಮಕ್ಕಳನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರ ಮುಚ್ಚಿ, ಹೊಸ ಪದ ಬರೆದು ಓದಿಸಲು ನಮಗೆ ಬಿಡುವು ಬೇಕು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಯಾವ ಅಕ್ಷರ ಮೊದಲು ಅಂತ ವಾದ ಮಾಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಈ ಬಿಡುವನ್ನು ಕೇಳೋಕೆ ಬಳಸಬೇಕು. ಮೊಟ್ಟೆಯ ಲೆಕ್ಕ ಇನ್ನೊಬ್ಬರು ಬರೆಯಬಹುದು. ಒಂದನೇ ಕ್ಲಾಸಿನ ಮಗು ಓದುವುದನ್ನು ಕೂತು ಕೇಳುವ ಕೆಲಸಕ್ಕೆ ಆ ಕೋಣೆಯಲ್ಲಿ ನಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಜೂನ್‌ನ ಪಾಲಕರ ಸಭೆಯಲ್ಲೇ ರ ಗ ಸ ದ ಅ ಅಂದರೇನು, ಯಾಕೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಬೇಕು, ಅಜ್ಜಿಯಂದಿರನ್ನೂ ಕರೆದು. ಈ ಸಲದ ಸಭೆಗೆ ಹತ್ತು ಅಕ್ಷರದ ಪದಗಳನ್ನು ಒಂದೊಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಇಟ್ಟುಕೊಂಡಿದ್ದೇನೆ, ಮನೆಗೊಂದು ಕೊಡೋಕೆ.